ದಿಂಬಿಗೆ ಪಕ್ಕೆಲುಬಿಲ್ಲ

ಚಳ್ಳಕೆರೆಯ ನರ್ಸಿಂಗ್ ಶಾಲೆಯಲ್ಲಿ ಪ್ರೇಮಲತಾ ಹತ್ತೊಂಬತ್ತು ವರ್ಷ ಪಾಠ ಹೇಳಿದವರು. ಅವರದು ಬಾಯಿಗಿಂತ ಕೈ ಮುಂದು, ಹೊಡೆಯುವುದಕ್ಕಲ್ಲ, ಕಲಿಸುವುದಕ್ಕೆ. ನಿಂತುಹೋದ ಎದೆಯನ್ನು ಒತ್ತಿ ಮತ್ತೆ ಬಡಿಯುವಂತೆ ಮಾಡುವ ಪಾಠ ಬಂದರೆ, ಹುಡುಗಿಯರ ಕೈ ಮೇಲೆ ತಮ್ಮ ಕೈ ಇಟ್ಟು ರಬ್ಬರ್ ಗೊಂಬೆಯ ಎದೆ ಒತ್ತಿಸುತ್ತಿದ್ದರು. ಆಳ ಸರಿಯಾದರೆ ಗೊಂಬೆ ‘ಟಕ್’ ಎನ್ನುತ್ತಿತ್ತು. ಹುಡುಗಿಯರು ಬೆಚ್ಚಿಬೀಳುತ್ತಿದ್ದರು. ಆಗ ಇವರು ನಗುತ್ತಾ, “ಮನುಷ್ಯರ ಪಕ್ಕೆಲುಬೂ ಒಂದೊಂದ್ಸಲ ಮುರೀತೈತೆ ಕಣ್ರೇ. ಮುರಿದ್ರೆ ಮುರೀಲಿ, ಕೈ ಮಾತ್ರ ತೆಗೀಬ್ಯಾಡ್ರಿ” ಎನ್ನುತ್ತಿದ್ದರು.

ಕೊರೊನಾ ಬಂತು. ಶಾಲೆಗೆ ಬೀಗ ಬಿತ್ತು, ಗೊಂಬೆ ಬೀರುವಿನಲ್ಲೇ ಉಳಿಯಿತು. ಕೈ ಹಿಡಿದು ಕಲಿಸುವ ವಿದ್ಯೆಯನ್ನು ಮೊಬೈಲಿನಲ್ಲಿ ಕಲಿಸಿ ಎಂದು ಆದೇಶ ಹೊರಡಿಸಿದವರಿಗೆ ಏನು ಹೇಳೋಣ! ಹುಡುಗಿಯರು ಮನೆಯಲ್ಲಿದ್ದ ದಿಂಬು ಒತ್ತಿದರು. ಮೊಳಕಾಲ್ಮೂರಿನ ನೇಕಾರರ ಹುಡುಗಿ ದಿವ್ಯಶ್ರೀ ಮಗ್ಗದ ಪಕ್ಕ ಕೂತು, ಎಣಿಕೆ ತಪ್ಪದೆ ಒತ್ತಿದಳು. ಅವಳ ಅಪ್ಪ ಪಾಪಣ್ಣ ಲಾಳಿ ನಿಲ್ಲಿಸಿ ಮೊಬೈಲಿಗೆ ಇಣುಕಿ, “ನಮ್ ಹುಡುಗಿ ಪಾಸಾ ಮೇಡಂ?” ಎಂದ.

“ಪಾಸ್ ಕಣ್ರಿ” ಎಂದರು ಪ್ರೇಮಲತಾ.

ದಿಂಬು ಸದ್ದು ಮಾಡಲಿಲ್ಲ. ಪಕ್ಕೆಲುಬಿನ ಮಾತು ಅವರಿಗೆ ನೆನಪಾಗಲೇ ಇಲ್ಲ.

ಎರಡು ತಿಂಗಳಾಗಿತ್ತು. ಪಾಪಣ್ಣ ಮಗ್ಗದ ಮುಂದೆಯೇ ಕುಸಿದು ತೀರಿಕೊಂಡ. ಬಸ್ಸು ಮತ್ತೆ ಓಡತೊಡಗಿದ ದಿನವೇ ಪ್ರೇಮಲತಾ ಮೊಳಕಾಲ್ಮೂರಿಗೆ ಹೋದರು. ಅರ್ಧ ನೇಯ್ದ ಸೀರೆ ಮಗ್ಗದಲ್ಲಿ ಹಾಗೇ ಇತ್ತು.

“ನೀವು ಹೇಳ್ಕೊಟ್ಟಂಗೇ ಒತ್ತಿದೆ ಮೇಡಂ,” ಎಂದಳು ದಿವ್ಯಶ್ರೀ. “ಎಂಟೋ ಒಂಬತ್ತೋ ಸಲ ಆಗಿತ್ತು. ಪಟ್ ಅಂತು. ಅಮ್ಮ ತೆಲುಗ್ನಲ್ಲಿ ‘ವಿರಿಗಿಂದೇ’ ಅಂದು, ‘ಎಲುಬು ಮುರೀತಲ್ಲೇ’ ಅಂತ ಕಿರುಚಿದ್ಲು. ನಾನು ಹೆದರಿ ಕೈ ತೆಗೆದ್ಬಿಟ್ಟೆ. ತಪ್ಪಾಗಿ ಒತ್ತಿದ್ನಾ?”

ಪ್ರೇಮಲತಾರಿಗೆ ಪಕ್ಕೆಲುಬಿನ ಮಾತು ಈಗ ನೆನಪಾಯಿತು. ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಈ ಹುಡುಗಿಯ ಗತಿ ಏನು?

“ಸರಿಯಾಗೇ ಒತ್ತಿದ್ದೀಯಮ್ಮ. ಮುರೀತೈತೆ ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ.”

ದಿವ್ಯಶ್ರೀ ಮಗ್ಗದ ಕಡೆ ತಿರುಗಿದಳು. “ಹಂಗಾದ್ರೆ ಕೈ ತೆಗೀಬಾರ್ದಿತ್ತು.”

ಅಪ್ಪ ಉಳಿಯುತ್ತಿದ್ದನೋ ಇಲ್ಲವೋ, ಅದನ್ನು ಯಾವ ಡಾಕ್ಟರೂ ಹೇಳಲಾರ.

ಶಾಲೆ ತೆರೆಯಿತು, ಗೊಂಬೆ ಹೊರಗೆ ಬಂತು. ದಿವ್ಯಶ್ರೀಯ ಸರದಿ ಬಂದಾಗ ‘ಟಕ್’ ಎಂದಿತು. ಅವಳ ಕೈ ತಾನಾಗಿ ಮೇಲಕ್ಕೆದ್ದಿತು. ಪ್ರೇಮಲತಾ ಅದರ ಮೇಲೆ ತಮ್ಮ ಕೈ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದರು. ‘ಮುರಿದ್ರೆ ಮುರೀಲಿ’ ಎಂಬ ಹಳೆಯ ಮಾತು ಮಾತ್ರ ಅವತ್ತೂ ಬಾಯಿಗೆ ಬರಲಿಲ್ಲ.