ಹಾರಿಸುವವರ ಬೆನ್ನ ಹಿಂದಿನ ದನಿ

ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾನೆ. ಊರಾಚೆಯ ಬಯಲಿನಲ್ಲಿ ಟೇಲರಕ್ಕ ಇಬ್ಬನಿಗೆ ಸೆರಗಿನಂಚು ತೋಯಿಸಿಕೊಂಡು, ಹುಲ್ಲು ಕತ್ತರಿಸಿದ ಪಟ್ಟಿಯನ್ನು ಕಾಲಿನಿಂದ ತಡವಿ ನೋಡುತ್ತಿದ್ದಾರೆ. ಪಕ್ಕದಲ್ಲಿ, ಪುಟ್ಟ ವಿಮಾನವೊಂದನ್ನು ಮಗುವಿನಂತೆ ಅವಚಿಕೊಂಡ ಬೇಕರಿ ಯಜಮಾನರು. ರಿಮೋಟ್ ವಿಮಾನ ಹಾರಿಸುವವರ ಇಲ್ಲಿನ ಕ್ಲಬ್ಬಿಗೆ ಅವರೇ ಅಧ್ಯಕ್ಷರು.

"ನೆಲ ಡೊಂಕಿದೆ ಅಕ್ಕಾ. ಸ್ಪರ್ಧೆಗಿರ್ಧೆ ಇಲ್ಲಿ ಆಗೋ ಮಾತಲ್ಲ."

"ಕುಣಿಯಲಾರದವಳೂ ಹಾಗೇ ಅಂದ್ಲಂತೆ ಅಣ್ಣಾ."

"ಅಯ್ಯೋ, ಬೆಳಿಗ್ಗೆ ಬೆಳಿಗ್ಗೆನೇ ಶುರು ಹಚ್ಕೊಂಡ್ರಾ!"

ಯಜಮಾನರು ನಗುತ್ತಾರೆಯೇ ಹೊರತು ಹೂಂ ಅನ್ನುವುದಿಲ್ಲ.

ವಾರವಿಡೀ ಪರದೆ, ಸಮವಸ್ತ್ರ, ಹರಿದ ಜೇಬುಗಳ ನಡುವೆ ಹೊಲಿಗೆ ಯಂತ್ರ ತುಳಿಯುವ ಟೇಲರಕ್ಕ, ರಜೆ ಬಂತೆಂದರೆ ಬಸ್ಸು ಹತ್ತಿ ಊರೂರಿನ ಕ್ಲಬ್ಬುಗಳ ಬಾಗಿಲು ತಟ್ಟುತ್ತಾರೆ. ಆಕಾಶದಲ್ಲಿ ಪಲ್ಟಿ ಹೊಡೆಸುವ ಸ್ಪರ್ಧೆಯೊಂದನ್ನು ನೀವೂ ನಡೆಸಿ ಎಂಬುದೊಂದೇ ಕೋರಿಕೆ. "ತಮ್ಮ ಬಯಲಲ್ಲೇ ಹಾರಿಸ್ಕೊಂಡಿದ್ರೆ ಬಾವಿ ಕಪ್ಪೆ ಆಗ್ತಾರೆ. ನಾಲ್ಕು ಜನರ ಮುಂದೆ ಹಾರಿಸಿದ್ರೆ ತಾನೇ ಕೈ ಪಳಗೋದು?" ಒಂದು ಕಡೆ ಚಂದಾ ಕೇಳಲು ಬಂದವರೆಂದು ತಿಳಿದು ಚಿಲ್ಲರೆ ಕೊಟ್ಟು ಕಳಿಸಿದ್ದರು. "ತಗೊಂಡೆ. ವಾಪಸ್ ಬರೋ ಬಸ್ಸಿಗಾಯ್ತು," ಎನ್ನುತ್ತಾರೆ. ಮುಂದಿನ ವರ್ಷ ಅದೇ ಕ್ಲಬ್ಬು ಸ್ಪರ್ಧೆ ನಡೆಸಿತು.

ವಿಮಾನದ ಈ ವಿದ್ಯೆ ಅವರಿಗೆ ಒಲಿದದ್ದು ಗಂಡನಿಂದ. ಹಾರಿಸುವವರು ವಿಮಾನದ ಮೇಲಿಟ್ಟ ಕಣ್ಣು ಕೀಳುವಂತಿಲ್ಲ. ಬಾಯಿಪಾಠ ಒಪ್ಪಿಸುವ ಮಗುವಿಗೆ ತಾಯಿ ಪದ ಎತ್ತಿಕೊಟ್ಟಂತೆ, ಬೆನ್ನ ಹಿಂದೆ ನಿಂತವರು ಮುಂದಿನ ಆಟ ಯಾವುದೆಂದು ಹೇಳಬೇಕು. ಬೀಗ ರಿಪೇರಿ ಮಾಡುವ ಗಂಡ ಹಾರಿಸುತ್ತಿದ್ದರು, ಹೆಂಡತಿ ಹೇಳುತ್ತಿದ್ದರು. ಈಗ ಗಂಡನ ಕಣ್ಣು ಮಂಜಾಗಿದೆ. ಬಯಲಿಗೆ ಕರೆದರೆ "ಕುರುಡನಿಗೆ ಯಾಕೆ ಕನ್ನಡಿ?" ಎಂದು ಗೋಡೆಗೆ ಮುಖ ಮಾಡುತ್ತಾರೆ. ದೂರದ ಬಸ್ ಪ್ರಯಾಣ ಅವರಿಂದಾಗದು. ಒಮ್ಮೆ ಮಾತ್ರ, "ನಮ್ಮೂರಲ್ಲೇ ಸ್ಪರ್ಧೆ ಆದ್ರೆ ಬರ್ತೀನಿ ಕಣೇ," ಅಂದರಂತೆ. ಆ ಮಾತನ್ನು ಟೇಲರಕ್ಕ ಮಡಿಲಲ್ಲಿ ಕಟ್ಟಿಕೊಂಡಿದ್ದಾರೆ. ಊರೂರಿನವರನ್ನು ಒಪ್ಪಿಸಿದ ಅವರಿಗೆ ತಮ್ಮೂರಿನ ಕ್ಲಬ್ಬೇ ಒಲಿಯುತ್ತಿಲ್ಲ.

ಯಜಮಾನರ ಹಿಂಜರಿಕೆಗೆ ಕಾರಣ ನೆಲವಲ್ಲ. ವಿಮಾನ ಮಗುಚಿ ಹಾರುವಾಗ ರಿಮೋಟಿನ ಕಡ್ಡಿಯ ಲೆಕ್ಕವೂ ಮಗುಚುತ್ತದೆ. ಮೇಲೇರಿಸಲು ಎಳೆಯುವ ಬದಲು ತಳ್ಳಬೇಕು. ಹಿಂದೊಮ್ಮೆ ಜನರ ಮುಂದೆ ಅವರು ಗಾಬರಿಯಲ್ಲಿ ಎಳೆದರು. ವಿಮಾನ ಮೂಗು ಮುಂದಾಗಿ ಮಣ್ಣಿಗಿಳಿಯಿತು. "ಆಲೂಗಡ್ಡೆ ಬಿತ್ತಿದ್ರಾ?" ಎಂದು ಯಾರೋ ಕೂಗಿದರು. ಆಮೇಲೆ ಬನ್ನು ಕೊಳ್ಳಲು ಬಂದವರೂ ಕೇಳಿದರು: "ಬೆಳೆ ಬಂತಾ ಯಜಮಾನ್ರೇ?"

"ಇವತ್ತು ಒಂದೇ ಒಂದು ಸಲ ಹಾರಿಸಿ ಅಣ್ಣಾ," ಎನ್ನುತ್ತಾರೆ ಟೇಲರಕ್ಕ. "ಬಿದ್ರೆ ಸ್ಪರ್ಧೆಯ ಮಾತು ಮತ್ತೆ ಎತ್ತಲ್ಲ."

ವಿಮಾನ ಗುಂಯ್‌ಗುಟ್ಟಿ ನೆಲ ಬಿಡುತ್ತದೆ. ಟೇಲರಕ್ಕ ಒಂದು ಗಳಿಗೆ ಕಣ್ಣು ಮುಚ್ಚಿ, "ಗಾಳಿ ನಿನ್ನದು ಸ್ವಾಮೀ, ನೋಡ್ಕೋ," ಎಂದು ಗೊಣಗಿ ಯಜಮಾನರ ಬೆನ್ನಿಗೆ ಬರುತ್ತಾರೆ. ದನಿ ಜೋಗುಳದಷ್ಟು ತಗ್ಗುತ್ತದೆ. "ಈಗ ಸುತ್ತು... ಏರ್ಲಿ... ಇಳೀಲಿ... ಇನ್ನು ಮಗುಚೋದು."

ವಿಮಾನ ಹೊಟ್ಟೆ ಮೇಲಾಗಿ ತಿರುಗುತ್ತದೆ. ಯಜಮಾನರ ಹೆಬ್ಬೆರಳು ಹಳೆಯ ಭಯಕ್ಕೆ ಕಡ್ಡಿಯನ್ನು ಎಳೆಯುತ್ತದೆ. ವಿಮಾನದ ಮೂಗು ನೆಲ ನೋಡುತ್ತದೆ. ಕಿರುಚಿದರೆ ಬೆರಳು ಬೆದರುತ್ತದೆಂದು ಟೇಲರಕ್ಕನಿಗೆ ಗೊತ್ತು.

"ತಳ್ಳಿ ಅಣ್ಣಾ. ಮೆಲ್ಲಗೆ ತಳ್ಳಿ. ಹಾಂ... ಹಾಗೇ."

ವಿಮಾನ ಮೂಗೆತ್ತುತ್ತದೆ. ಎಳೆಬಿಸಿಲಿಗೆ ಹೊಟ್ಟೆ ಕಾಯಿಸಿಕೊಳ್ಳುತ್ತ ಬಯಲು ದಾಟುತ್ತದೆ.

ಇಳಿಸಿದ ಮೇಲೆ ಯಜಮಾನರು ಹುಲ್ಲಿನ ಮೇಲೆ ಕುಸಿದು ಕೂರುತ್ತಾರೆ. "ಮುಂದಿನ ತಿಂಗಳು ಇಟ್ಕೊಳ್ಳೋಣ ಅಕ್ಕಾ. ನೀವು ನನ್ನ ಹಿಂದೆ ನಿಲ್ಬೇಕು."

"ಕರೆದವರ ಹಿಂದೆಲ್ಲಾ ನಿಲ್ತೀನಿ."

"ವೇದಿಕೆ ಮೇಲೆ ನಿಮಗೊಂದು ಸನ್ಮಾನ ಮಾಡ್ಬೇಕು."

"ಅದೆಲ್ಲಾ ಯಾಕಣ್ಣಾ? ತೀರ್ಪುಗಾರರ ಪಕ್ಕದಲ್ಲಿ ನಮ್ಮನೆಯವರಿಗೊಂದು ಕುರ್ಚಿ ಹಾಕ್ಸಿ, ಸಾಕು."

"ಅವರಿಗೆ ಕಾಣ್ಸಲ್ವಲ್ಲಾ?"

ಟೇಲರಕ್ಕನ ಮುಖ ಅರಳುತ್ತದೆ. "ಸದ್ದು ಕೇಳೇ ಹೇಳ್ತಾರೆ, ಸುತ್ತು ದುಂಡಗಾಯ್ತೋ ಮೊಟ್ಟೆ ಥರ ಆಯ್ತೋ ಅಂತ. ಹುಷಾರು ಅಣ್ಣಾ, ಅವರು ನನ್ನಷ್ಟು ಮೆತ್ತಗೆ ಮಾತಾಡಲ್ಲ."