ಅತ್ತಿಗೆಯ ಬಚ್ಚಲ ಬಾಗಿಲು

ಕಿಟ್ಟುವಿಗೆ ಮೂಗಿನ ತುದಿಯಲ್ಲೇ ಕೋಪ. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಬೋಗಿಗಳ ಬಾಗಿಲು ಕೂರಿಸಿ ನಿವೃತ್ತನಾದ ಫಿಟ್ಟರು ಅವನು. ಸರಿಯಾಗಿ ಮುಚ್ಚದ ಬಾಗಿಲು ಕಂಡರೆ ಮದುವೆ ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ಒಂದು ಭಾನುವಾರ ತಾಂಬರಂನಿಂದ ರೈಲು ಹತ್ತಿ ವೆಸ್ಟ್ ಮಾಂಬಲಂನ ಅತ್ತಿಗೆಯ ಮನೆಗೆ ಬಂದವನಿಗೆ ಕಂಡದ್ದನ್ನು ನೋಡಿ ಮೈಯೆಲ್ಲ ಉರಿದುಹೋಯಿತು. ಬಚ್ಚಲಿಗೆ ಬಾಗಿಲೇ ಇರಲಿಲ್ಲ. ಹೂವಿನ ಚಿತ್ತಾರದ ಪ್ಲಾಸ್ಟಿಕ್ ಪರದೆ ನೇತಾಡುತ್ತಿತ್ತು.

ಅತ್ತಿಗೆ ಜಾನಕಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಗಾಲಿಕುರ್ಚಿಗೆ ಬಂದಿದ್ದರು. ಕುರ್ಚಿ ಬಚ್ಚಲೊಳಗೆ ಹೋಗದೆಂದು ಮಗ ಗುರುಚರಣ ಬಾಗಿಲನ್ನೇ ಕಿತ್ತು ಬಾಲ್ಕನಿಯಲ್ಲಿ ಒರಗಿಸಿದ್ದ. ಪರದೆಯ ಹಿಂದೆ ಸ್ನಾನ ಮಾಡಲಾರೆ ಎಂದು ಜಾನಕಮ್ಮ ಹಟ ಹಿಡಿದರು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಅದು ಅವರಿಗೆ ಸ್ನಾನವಲ್ಲ. ಸ್ನಾನವಿಲ್ಲದೆ ಮಡಿಯಿಲ್ಲ, ಮಡಿಯಿಲ್ಲದೆ ಅನ್ನ ಮುಟ್ಟುವವರಲ್ಲ. ಒಂಬತ್ತು ದಿನದಿಂದ ಹಾಲು, ಬಾಳೆಹಣ್ಣು. ಕೆನ್ನೆ ಗುಳಿಬಿದ್ದಿತ್ತು.

“ಏನೋ ಇದು, ಹೆತ್ತಮ್ಮನ್ನ ಬೀದೀಲಿ ಕೂರಿಸಿ ನೀರು ಹಾಕ್ತೀಯಾ?” ಎಂದು ಕಿಟ್ಟು ಗುಡುಗಿದ.

“ಚಿಕ್ಕಪ್ಪಾ, ಚೌಕಟ್ಟು ಇಪ್ಪತ್ತಾರು ಇಂಚು, ಚೇರು ಇಪ್ಪತ್ತೈದು. ಅಳತೆ ನೋಡೇ ತಂದದ್ದು. ಆದ್ರೂ ಸಿಕ್ಕಿಹಾಕ್ಕೊಳ್ತು. ಗೋಡೆ ಒಡೆಯೋಕೆ ಓನರ್ ಬಿಡಲ್ಲ. ಎನ್ನ ಪಣ್ರದು, ಏನ್ ಮಾಡೋದು?”

“ಬಾಗಿಲು ತೆರೆದಿಟ್ಟು ಅಳೆದ್ಯಾ?”

ಗುರುಚರಣ ಬಾಲ್ಕನಿಯಲ್ಲಿದ್ದ ಬಾಗಿಲತ್ತ ನೋಡಿದ. ಬ್ಯಾಂಕಿನ ಆಫೀಸರು, ಪದವಿಗಳ ಮೇಲೆ ಪದವಿ, ಇಷ್ಟು ಹೊಳೆಯಲಿಲ್ಲವೇ ಎಂದು ಕಿಟ್ಟು ಹಲ್ಲು ಕಡಿದ. ಪಕ್ಕದ ಗೋಡೆ ಅಡ್ಡವಿದ್ದುದರಿಂದ ಬಾಗಿಲು ನೆಟ್ಟಗೆ ನಿಲ್ಲುವಷ್ಟೇ ತೆರೆಯುತ್ತಿತ್ತು. ಹಾಗೆ ನಿಂತಾಗ ಹಲಗೆಯ ದಪ್ಪವೆಲ್ಲ ದಾರಿಯೊಳಗೇ ಉಳಿದು ಒಂದೂವರೆ ಇಂಚು ತಿನ್ನುತ್ತಿತ್ತು. ಹಲಗೆಯನ್ನು ದಾರಿಯಿಂದಾಚೆ ಸರಿಸುವಂಥ ಕೀಲು ಹಾಕಿದರೆ ಸಾಕಿತ್ತು.

ಮರುದಿನ ಪ್ಯಾರೀಸ್ ಕಾರ್ನರಿನ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಸುತ್ತಿದ. ಮೂಲೆ ಬಳಸಿ ಬಾಗಿದ ಕೀಲಿನ ಚಿತ್ರ ಬರೆದು ತೋರಿಸಿದರೆ ಎಲ್ಲರೂ “ಇಲ್ಲೈ ಸಾರ್” ಎಂದರು. ಒಬ್ಬ ನಕ್ಕೇಬಿಟ್ಟ. ಕಿಟ್ಟು ಅವನನ್ನು ಬೈದ ಬೈಗುಳಕ್ಕೆ ಪಕ್ಕದ ಅಂಗಡಿಯವರು ಎದ್ದು ಬಂದರು. ಕೊನೆಗೆ ತಾಂಬರಂನಲ್ಲಿ ಹಳೆಯ ಗೆಳೆಯ ಗುಂಡಣ್ಣನ ಕಬ್ಬಿಣದ ಕೆಲಸದ ಶೆಡ್ಡಿಗೆ ಹೋಗಿ, ತಾನೇ ನಿಂತು ಮೂರು ಕೀಲುಗಳನ್ನು ಬಗ್ಗಿಸಿಕೊಂಡ. ಮೊದಲು ಮಾಡಿದ ಮೂರು ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಹೆಚ್ಚುಕಮ್ಮಿ ಆದವು. ಅವನ್ನು ಬಿಸಾಡಿ ಮತ್ತೆ ಮಾಡಿದ.

ಗುರುವಾರ ಬಾಗಿಲು ಮತ್ತೆ ಚೌಕಟ್ಟಿಗೆ ಕೂತಿತು. ಈಗ ತೆರೆದರೆ ಹಲಗೆ ಪೂರ್ತಿ ಚೌಕಟ್ಟಿನಿಂದಾಚೆ ಹೋಗಿ ನಿಲ್ಲುತ್ತಿತ್ತು. ಕುರ್ಚಿ ಎಲ್ಲೂ ತಗುಲದೆ ಒಳಗೆ ಹೋಯಿತು. ಕಿಟ್ಟು ಒಳಗಿನ ಚಿಲಕವನ್ನು ಕೂತವರ ಕೈಗೆ ಎಟಕುವ ಹಾಗೆ ಕೆಳಗಿಳಿಸತೊಡಗಿದಾಗ ಗುರುಚರಣ ಅಡ್ಡ ಬಂದ.

“ಚಿಲಕ ಬೇಡ. ಒಳಗೆ ಬಿದ್ರೆ?”

“ಬಿದ್ರೆ ಬಾಗಿಲು ಒಡೀತೀನಿ, ಹೊಸದು ಮಾಡ್ತೀನಿ. ಇಷ್ಟು ದಿನ ಹಸಿದಿದ್ದಾಗ ಎಲ್ಲಿತ್ತೋ ಈ ಭಯ? ಸರಿ ಆಚೆಗೆ!”

ಸೊಸೆ ಅಕ್ಷಯಾ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಕುರ್ಚಿ ಹೊರಗೆ ತಂದು, ಬಾಗಿಲೆಳೆದಳು. ಒಳಗಿನಿಂದ ಚಿಲಕ ಬಿತ್ತು. ನೀರು ಸುರಿಯುವ ಸದ್ದು ಕೇಳಿಸಿತು, ನಿಂತಿತು. ಮತ್ತೆ ಕೇಳಿಸಲೇ ಇಲ್ಲ. ಗುರುಚರಣ ಬಾಗಿಲಿಗೆ ಕೈಯೆತ್ತಿದ. ಕಿಟ್ಟು ಅವನ ರಟ್ಟೆ ಹಿಡಿದು ಬೈಯತೊಡಗಿದ. ಕಿವಿ ಮಾತ್ರ ಬಾಗಿಲ ಕಡೆಗೇ ಇತ್ತು. ಚಿಕ್ಕಂದಿನಲ್ಲಿ ತಾಯಿಯಿಲ್ಲದ ತನಗೆ ನೀರೆರೆದವರೇ ಆ ಅತ್ತಿಗೆ. ಬೈಗುಳ ಜೋರಾಯಿತು.

“ಕಿಟ್ಟೂ,” ಒಳಗಿನಿಂದ ಜಾನಕಮ್ಮನ ಗದರಿಕೆ ಬಂತು. “ಜಪ ಮಾಡ್ತಿದೀನಿ, ಅರಚಬೇಡ. ಅನ್ನಕ್ಕಿಡು ಅಂತ ಅಕ್ಷಯಾಗೆ ಹೇಳು.”