ಮುಡಿಪಿನ ರೂಪಾಯಿ, ಹಸಿರು ಸ್ಟಿಕ್ಕರ್

ಕುಂದಾಪುರದ ಶನಿವಾರದ ಸಂತೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಾರಿಯಿಂದ ತರಕಾರಿ ಮೂಟೆ ಇಳಿಸುವವರ ಕೂಗಾಟದ ನಡುವೆ ಜಲಜ ತಮ್ಮ ಜಾಗ ಗುಡಿಸಿ, ಗೋಣಿ ಹಾಸಿ, ಅದರ ಮೇಲೊಂದು ಕೆಂಪು ಬಟ್ಟೆ ಬಿಡಿಸುತ್ತಾರೆ. ಚೀಲದಿಂದ ಹಳೇ ನಾಣ್ಯಗಳು ಒಂದೊಂದಾಗಿ ಹೊರಬರುತ್ತವೆ. ತೂತಿನ ಕಾಸು, ಆಣೆ, ರಾಜನ ತಲೆಯ ಬೆಳ್ಳಿ ರೂಪಾಯಿ.

ಪಕ್ಕದಲ್ಲಿ ಒಣಮೀನು ಹರವುವ ಅಪ್ಪಿ ಸುಮ್ಮನಿರುವವಳಲ್ಲ. “ಹ್ವಾಯ್ ಜಲಜಕ್ಕ, ನಿಮ್ಮ್ ರಾಜನ್ ತಲಿಗೂ ನನ್ನ್ ಮೀನಿನ್ ತಲಿಗೂ ಎಂತ ವ್ಯತ್ಯಾಸ? ಎರಡೂ ಒಣಗ್ದದ್ದೇ!”

“ನಿನ್ನ್ ಮೀನಿಗೆ ನಂಬ್ರ ಇಲ್ಲ ಮಾರಾಯ್ತಿ. ನನ್ನ್ ರಾಜಂಗೆ ಈಗ ನಂಬ್ರ ಬಂದಿತ್ತ್,” ಎನ್ನುತ್ತಾರೆ ಜಲಜ. ನಗುತ್ತಲೇ ಹೇಳಿದರೂ ಆ ನಂಬರು ಅವರ ತಲೆ ಕೆಡಿಸಿದೆ. ಮೊದಲ ಗಿರಾಕಿಯೇ ಅದನ್ನು ಕೆದಕುತ್ತಾನೆ. ಬೈಕು ನಿಲ್ಲಿಸಿದ ಯುವಕನೊಬ್ಬ ರೂಪಾಯಿಯನ್ನು ಎತ್ತಿ, ಅತ್ತಿತ್ತ ತಿರುಗಿಸಿ, “ಇದಕ್ಕೆ ಸ್ಟಿಕ್ಕರ್ ಇತ್ತಾ?” ಎಂದು ಕೇಳುತ್ತಾನೆ. ಇಲ್ಲವೆಂದಾಗ ಇಟ್ಟು ಹೋಗುತ್ತಾನೆ.

ಜಲಜರಿಗೆ ಐವತ್ತೆಂಟು. ಹುಟ್ಟಿದ್ದು ಅಮಾಸೆಬೈಲಿನಲ್ಲಿ. ಗಂಡ ಶೇಖರ ಮುಂಬೈ ಹೋಟೆಲೊಂದರ ಗಲ್ಲಾದಲ್ಲಿ ಕೂತು, ಚಿಲ್ಲರೆಯಲ್ಲಿ ಸಿಕ್ಕ ಹಳೇ ನಾಣ್ಯಗಳನ್ನು ಡಬ್ಬಿಯಲ್ಲಿ ಕೂಡಿಟ್ಟುಕೊಂಡು ಊರಿಗೆ ಬಂದವರು. ಅದೇ ಡಬ್ಬಿ ವ್ಯಾಪಾರವಾಯಿತು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾದ ಮೇಲೆ ಚೀಲ ಹೆಂಡತಿಯ ಹೆಗಲಿಗೆ ಬಂತು. ಕುಂದಾಪುರ, ಬ್ರಹ್ಮಾವರ, ಬೈಂದೂರು ಎಂದು ಸಂತೆಯಿಂದ ಸಂತೆಗೆ ಅವರು ಬಸ್ಸು ಹತ್ತುತ್ತಾರೆ. ಒಳ್ಳೆಯ ದಿನವಾದರೆ ಐನೂರು ರೂಪಾಯಿ ಉಳಿಯುತ್ತದೆ, ಇಲ್ಲವಾದರೆ ಚಾ ಕುಡಿದ ದುಡ್ಡೂ ಹುಟ್ಟುವುದಿಲ್ಲ.

ಅವರ ಬಳಿಗೆ ಬರುವ ಬೆಳ್ಳಿ ರೂಪಾಯಿಗಳಲ್ಲಿ ಹೆಚ್ಚಿನವು ಮುಡಿಪಿನವು. ಮನೆಯಲ್ಲಿ ಕಷ್ಟ ಬಂದಾಗ ದೇವರಿಗೆ ಹರಕೆ ಹೇಳಿ, ಇದ್ದ ನಾಣ್ಯವೊಂದನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಎತ್ತಿಡುವುದು ಇಲ್ಲಿನ ರೂಢಿ. ಹರಕೆ ಒಪ್ಪಿಸುವ ಹೊತ್ತಿಗೆ ಹಲವರು ಆ ಬೆಳ್ಳಿಯನ್ನು ಜಲಜರಿಗೆ ಕೊಟ್ಟು, ಬಂದ ದುಡ್ಡನ್ನು ಕೊಲ್ಲೂರಿನ ಅಮ್ಮನ ಹುಂಡಿಗೆ ಹಾಕುತ್ತಾರೆ. “ಅಮ್ಮನ ದುಡ್ಡಲ್ಲಿ ಚೌಕಾಸಿ ಮಾಡುಕಾಗ,” ಎನ್ನುವುದು ಜಲಜರ ಕಟ್ಟಳೆ. “ಇವತ್ತಿನ ಬೆಳ್ಳಿ ರೇಟ್ ಎಷ್ಟೋ ಅಷ್ಟೂ ಕೊಡ್ತೆ. ಮೇಲೆ ಮಾರಿ ನೂರೋ ಇನ್ನೂರೋ ಸಿಕ್ಕಿರೆ ನಂಗೆ.” ಜನ ತೂಕ ನೋಡುವುದಿಲ್ಲ, ರಸೀದಿ ಕೇಳುವುದಿಲ್ಲ. ಜಲಜಕ್ಕ ಮೋಸ ಮಾಡುವವರಲ್ಲ ಎಂಬ ಒಂದು ಮಾತಿನ ಮೇಲೆ ಇಡೀ ವ್ಯಾಪಾರ ನಿಂತಿದೆ. ಈ ವರ್ಷ ಅಲುಗಾಡಿದ್ದು ಆ ಮಾತೇ.

ಬ್ರಹ್ಮಾವರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ರವಿಚಂದ್ರನಿಗೆ ನಾಣ್ಯದ ಹುಚ್ಚು. “ಜಲಜಕ್ಕ, ಈಗ ಯಾರಿಗೂ ನಾಣ್ಯ ಬೇಡ, ನಂಬ್ರ ಬೇಕ್,” ಎಂದು ಅವನು ಬಿಡಿಸಿ ಹೇಳಿದ. ದೂರದ ಊರಲ್ಲಿ ಒಂದು ಕಂಪನಿ ಇದೆ. ನಾಣ್ಯ ಕಳಿಸಿದರೆ ಅಸಲಿಯೋ ನಕಲಿಯೋ ಪರೀಕ್ಷಿಸಿ, ಸವೆತ, ಗೀರು ನೋಡಿ, ಎಪ್ಪತ್ತರೊಳಗೆ ಒಂದು ಅಂಕ ಕೊಟ್ಟು, ತೆರೆಯಲಾಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತದೆ. ಇಷ್ಟು ಜಲಜರಿಗೆ ಅರ್ಥವಾಯಿತು. ಆಮೇಲೆ ಇನ್ನೊಂದು ಕಂಪನಿ ಇದೆಯಂತೆ. ಅದು ಡಬ್ಬಿಯೊಳಗಿನ ನಾಣ್ಯವನ್ನು ಹೊರಗಿನಿಂದಲೇ ನೋಡಿ, ಮೊದಲಿನವರು ಕೊಟ್ಟ ಅಂಕಕ್ಕೆ ಇದು ತಕ್ಕದ್ದೇ ಎಂದು ಒಪ್ಪಿದರೆ ಡಬ್ಬಿಯ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸುತ್ತದೆ. ಅಂಟಿಸಿದ ಕೂಡಲೇ ಬೆಲೆ ಇನ್ನೂ ಏರುತ್ತದೆ. “ಪರೀಕ್ಷೆ ಮಾಡ್ದವ್ರನ್ನ್ ಪರೀಕ್ಷೆ ಮಾಡುಕೆ ಮತ್ತೊಬ್ರಾ? ಅವ್ರನ್ನ್ ಯಾರ್ ಕಾಂಬುದ್?” ಎಂದು ಜಲಜ ಕೇಳಿದರು.

ಆದರೂ ಒಂದು ಕೈ ನೋಡೋಣವೆಂದು ಕೆಲವು ರೂಪಾಯಿಗಳನ್ನು ಕಳಿಸಿದರು. ಹೆಚ್ಚಿನವು ಅಂಕವಿಲ್ಲದೆ ಹಿಂದೆ ಬಂದವು. “ದೀಪಾವಳಿ ಪೂಜೆಗೆ ಅಂದೇಳಿ ನಾನೇ ಹುಣಸೆಹುಳಿ ಹಾಕಿ ತಿಕ್ಕಿ ಪಳಪಳ ಮಾಡಿ ಇಟ್ಟದ್ದ್ ಮರ್ರೆ. ತಿಕ್ಕಿದ್ರಿ ಅಂದೇಳಿ ಅವ್ರ್ ನಂಬ್ರವೇ ಕೊಡ್ಲಾ. ಕಪ್ಪ್ ಹಿಡ್ದದ್ದ್ ಪಾಸ್, ಚೊಕ್ಕ ಮಾಡಿದ್ದ್ ಫೇಲ್! ಇದ್ ಯಾವ ಶಾಲೆ?” ಎನ್ನುತ್ತಾರೆ ಜಲಜ.

ಪಾಸಾದದ್ದು ಒಂದೇ. ಬಿಜೂರಿನ ನಾಗು ಎರಡು ಸಾವಿರಕ್ಕೆ ಕೊಟ್ಟುಹೋದ ಮುಡಿಪಿನ ರೂಪಾಯಿ. ಅದಕ್ಕೆ ಅರವತ್ತಮೂರು ಅಂಕ ಬಂತು, ಮೇಲೆ ಹಸಿರು ಸ್ಟಿಕ್ಕರೂ ಬಂತು. ಎಲ್ಲ ಸೇರಿ ಖರ್ಚು ನಾಲ್ಕು ಸಾವಿರ. ಮಂಗಳೂರಿನ ಸಂಗ್ರಾಹಕರೊಬ್ಬರು ಫೋನಿನಲ್ಲಿ ಚಿತ್ರ ನೋಡಿಯೇ ನಲವತ್ತಾರು ಸಾವಿರ ಕೊಡುತ್ತೇನೆಂದರು.

ಅದೇ ಚಿತ್ರವನ್ನು ರವಿಚಂದ್ರ ಹೆಮ್ಮೆಯಿಂದ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ. ನಾಗುವಿನ ಮಗಳು ಪ್ರೇಕ್ಷಾ ನೋಡಿ ತಾಯಿಗೆ ತೋರಿಸಿದಳು. ಅರಿಶಿನದ ಬಟ್ಟೆಯಲ್ಲಿ ಇದ್ದೂ ಇದ್ದೂ ಅಂಚಿಗೆ ಹಿಡಿದ ಜೇನಿನ ಬಣ್ಣದ ಅರ್ಧಚಂದ್ರದಂಥ ಕಲೆ ನಾಗುವಿಗೆ ಗುರುತು ಸಿಕ್ಕದೆ ಇರಲಿಲ್ಲ. ಚಿಕ್ಕ ಪ್ರೇಕ್ಷಾಳಿಗೆ ಜ್ವರ ಬಿಡದಿದ್ದಾಗ, ಅವಳ ಮದುವೆಗೆ ಮೊದಲು ಒಪ್ಪಿಸುತ್ತೇನೆಂದು ಕೊಲ್ಲೂರಿನ ಅಮ್ಮನಿಗೆ ಹೇಳಿಕೊಂಡು ಕಟ್ಟಿಟ್ಟ ನಾಣ್ಯವದು. ಮುಂದಿನ ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ನಾಗು ಸಂತೆಗೆ ಬಂದರು.

“ಜಲಜಕ್ಕ, ನಾ ಹುಂಡಿಗೆ ಎರಡ್ ಸಾವ್ರ ಹಾಕಿ ಕೈ ಮುಗ್ದ್ ಬಂದೆ. ಈಗ ಅದ್ ನಲ್ವತ್ತಾರ್ ಸಾವ್ರ ಅಂತ್ರಲ್ಲ. ಹಂಗಾರೆ ನನ್ನ್ ಹರಕೆ ತೀರಿತಾ, ಇಲ್ಯಾ?”

ನಾಗು ಬೈಯಲಿಲ್ಲ, ಕೇಳಿದ್ದಷ್ಟೇ. ಸಂತೆಯ ನಾಲ್ಕು ಜನ ಆಗಲೇ ಕಿವಿ ನಿಮಿರಿಸಿದ್ದರು. ಜಲಜ ಚೀಲದಿಂದ ಡಬ್ಬಿಯನ್ನು ತೆಗೆದು ನಾಗುವಿನ ಕೈಗೇ ಕೊಟ್ಟು, “ಕಾಣ್ ಹೆಣೆ. ನೀ ಕೊಟ್ಟದ್ದ್ ಒಳ್ಗಿದ್ದದ್ದ್. ಈ ಬೆಲೆ ಹೊರ್ಗಿನ ಸ್ಟಿಕ್ಕರಿದ್ದ್,” ಎಂದು, ಎಲ್ಲರಿಗೂ ಕೇಳುವಂತೆ ರವಿಚಂದ್ರನಿಗೆ ಫೋನು ಹಚ್ಚಿದರು. “ಡಬ್ಬಿ ಒಡ್ದ್ರೆ ಎಷ್ಟಾತ್ತ್?”

“ಅಯ್ಯೋ, ಒಡೆಬೇಡಿ ಮಾರಾಯ್ರೆ! ಒಡ್ದ್ರೆ ಮಂಗಳೂರಿನವ್ರ್ ತಕಂತಿಲ್ಲ, ಮತ್ತೆ ಬೆಳ್ಳಿ ರೇಟೇ!”

“ಕೇಳ್ತಾ?” ಎಂದರು ಜಲಜ.

ನಾಗು ಒಪ್ಪಲಿಲ್ಲ. “ಹಂಗಾರೆ ಆ ಸ್ಟಿಕ್ಕರ್ ನಿಮ್ಮ್ ಬಾಕಿ ರೂಪಾಯಿಗೆ ಎಂತಕ್ ಅಂಟಿಸ್ಲಾ? ಅವೆಲ್ಲ ನೀವ್ ತಿಕ್ಕಿದ್ದ್. ಇದ್ ಅಮ್ಮಂದ್ ಅಂದೇಳಿ ಇಷ್ಟ್ ವರ್ಷ ನಾ ಮುಟ್ಲೇ ಇಲ್ಲ. ಅದ್ಕೇ ಅಲ್ದಾ ಚಂದ ಉಳ್ದದ್ದ್?”

ಅಪ್ಪಿ ಒಂದು ದಾರಿ ಹೇಳಿದಳು: “ಡಬ್ಬಿಯನ್ನೇ ಹುಂಡಿಗೆ ಹಾಕಿ ಬನ್ನಿ!” ನಾಗು ಅಂಗೈ ಅಗಲದ ಡಬ್ಬಿಯನ್ನು ತಿರುಗಿಸಿ ನೋಡಿ, “ಹುಂಡಿಯ ಬಾಯಿಗೆ ಇದ್ ಹಿಡೂದಿಲ್ಲ ಮಾರಾಯ್ತಿ,” ಎಂದಾಗ ಮೂವರಿಗೂ ನಗು ಬಂತು. ಆ ನಗೆಯಲ್ಲೇ ಬಿಗಿ ಸಡಿಲಿತು.

ನಾಗು ಬೇರೆಯವರ ಗದ್ದೆಯನ್ನು ಅರ್ಧ ಪಾಲಿಗೆ ಸಾಗುವಳಿ ಮಾಡುವವರು. ಕೊನೆಗೆ ಲೆಕ್ಕ ಹರಿದದ್ದು ಅವರ ಆ ಅಭ್ಯಾಸದಿಂದಲೇ. “ಗದ್ದೆ ಅಮ್ಮಂದ್, ಸಾಗುವಳಿ ನಿಮ್ದ್. ನೀವ್ ಹಾಕಿದ ಬೀಜದ ದುಡ್ಡ್ ಮೊದ್ಲ್ ತಕಣಿ. ಉಳ್ದದ್ರಲ್ಲಿ ಅಮ್ಮಂಗರ್ಧ, ನಿಮ್ಗರ್ಧ. ನಂಗೆ ಒಂದ್ ಕಾಸೂ ಬೇಡ, ನನ್ ಹರಕೆ ತೀರ್ಲಿ.”

ನಾಣ್ಯ ಮಂಗಳೂರಿಗೆ ಹೋಯಿತು. ಕೊಟ್ಟ ಎರಡು ಸಾವಿರ, ಕಂಪನಿಗಳ ನಾಲ್ಕು ಸಾವಿರ ಕಳೆದು ಉಳಿದದ್ದರಲ್ಲಿ ಅರ್ಧವನ್ನು ಇಬ್ಬರೂ ಒಟ್ಟಿಗೇ ಕೊಲ್ಲೂರಿಗೆ ಹೋಗಿ ಹುಂಡಿಗೆ ಹಾಕಿ ಬಂದರು. ಇಪ್ಪತ್ತು ಸಾವಿರವನ್ನು ಮಡಚಿ ಮಡಚಿ ತುರುಕುವಾಗ ತಮ್ಮ ಕೈ ಸ್ವಲ್ಪ ತಡೆದದ್ದು ನಿಜ ಎಂದು ಜಲಜ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ತಮ್ಮ ಪಾಲಿನಲ್ಲಿ ಶೇಖರರ ಕಣ್ಣಿನ ಚಿಕಿತ್ಸೆ ಶುರುವಾಗಿದೆ. ಈಗ ಮುಡಿಪು ತಂದವರಿಗೆಲ್ಲ ಅವರು ಮೊದಲೇ ಹೇಳಿಬಿಡುತ್ತಾರೆ: ಇವತ್ತಿನ ಬೆಲೆ ಇಷ್ಟು, ಮುಂದೆ ನಂಬರು ಬಂದರೆ ದೇವರಿಗೆ ಅರ್ಧ ಪಾಲು. ಜೊತೆಗೆ, ದಯವಿಟ್ಟು ತಿಕ್ಕಬೇಡಿ.

ಗೊಂದಲವೇನೂ ಕಳೆದಿಲ್ಲ. ಬಿಸಿಲೇರಿ ಸಂತೆ ತುಂಬುವಾಗಲೂ ಅವರು ಬಿಡುವಾದಾಗೆಲ್ಲ ರೂಪಾಯಿಯೊಂದನ್ನು ಎತ್ತಿ ಹಿಡಿದು ನೋಡುತ್ತಿರುತ್ತಾರೆ. “ಆ ಸ್ಟಿಕ್ಕರಿನವ್ರ್ ಒಂದ್ ಶನಿವಾರ ಇಲ್ಲಿ ಬಂದ್ ನನ್ನ್ ಹತ್ರ ಕೂಕಂಡ್, ಇದ್ರಲ್ಲಿ ಎಂತ ಕಾಂತ್ರ್ ಅಂದೇಳಿ ತೋರ್ಸಿರೆ ಸಾಕಿತ್ತ್. ನಂಗಂತೂ ಇನ್ನೂ ಗೊತ್ತಾಯ್ಲಾ,” ಎನ್ನುತ್ತಾರೆ.

ರೂಪಾಯಿಯನ್ನು ಕೆಂಪು ಬಟ್ಟೆಯ ಮೇಲಿಟ್ಟು ಮತ್ತೆ ಹೇಳುತ್ತಾರೆ. “ಕಳ್ದ್ ವಾರ ನಾಗು ತನ್ನ್ ತಂಗಿ ಮನೆ ಮುಡಿಪನ್ನ್ ಬಸ್ಸಿನ್ ಕಂಡಕ್ಟರ್ ಹತ್ರ ಕೊಟ್ಟ್ ಕಳ್ಸಿತ್ತ್. ಎಷ್ಟ್ ಕೊಡ್ತ್ರಿ ಅಂದೇಳಿ ಒಂದ್ ಫೋನೂ ಮಾಡ್ಲಾ.”